ಅಪ್ಪನ ಕ್ಲಾರಿನೆಟ್ಟಿಗೊಂದು ಹೆಗಲ ಚೀಲ

ಅಪ್ಪ ಕ್ಲಾರಿನೆಟ್ಟನ್ನು ಯಾವತ್ತೂ ಕಳೆದವರಲ್ಲ. ಅವರು ಕಳೆಯುತ್ತಿದ್ದದ್ದು ಅದರ ಪೆಟ್ಟಿಗೆಯನ್ನು.

ಮೊದಲ ಸಲ ಗುಬ್ಬಿಯ ಒಂದು ಕಲ್ಯಾಣ ಮಂಟಪದಲ್ಲಿ ಬಿಟ್ಟು ಬಂದಾಗ ಮನೆಯವರೆಲ್ಲ ನಕ್ಕೆವು. ಎರಡನೆಯ ಸಲ ಕುಣಿಗಲ್‌ನಲ್ಲಿ. ಅವತ್ತು ಮಧ್ಯಾಹ್ನ ಗೇಟಿನ ಸದ್ದು ಕೇಳಿ ಹೊರಗೆ ಬಂದರೆ, ಅಪ್ಪ ಬರಿಯ ಕ್ಲಾರಿನೆಟ್ಟನ್ನು ಎದೆಗೊರಗಿಸಿಕೊಂಡು ನಿಂತಿದ್ದರು. ಮದುವೆಯವರು ಕೊಟ್ಟ ಟವೆಲ್ಲನ್ನು ಅದರ ಮೇಲ್ತುದಿಗೆ ಸುತ್ತಿದ್ದರು. ಕುಣಿಗಲ್‌ನಿಂದ ತುಮಕೂರಿನವರೆಗೆ, ನಿಂತವರು ಕೂತವರ ಮೇಲೆ ಬೀಳುವಂಥ ಬಸ್ಸಿನಲ್ಲಿ, ಹಾಗೇ ಹಿಡಿದುಕೊಂಡು ಬಂದಿದ್ದರು. ನಾನು ಕೈಗೆ ತೆಗೆದುಕೊಂಡು ನೋಡಿದೆ. ಬೆರಳಿನಿಂದ ಒತ್ತುವ, ಬೆಳ್ಳಿ ಬಣ್ಣದ ಒಂದು ಕೀಯ ಅಡಿಯಲ್ಲಿ ಅಕ್ಷತೆಯ ಕಾಳೊಂದು ಸಿಕ್ಕಿಕೊಂಡಿತ್ತು.

"ಕೇಸ್ ಎಲ್ಲಪ್ಪಾ?"

"ವ್ಯಾನಲ್ಲಿ ಬರುತ್ತೆ ಬುಡು," ಎಂದು ಅವರು ಕೈಕಾಲು ತೊಳೆಯಲು ಹೋದರು.

ಈ ಸಲ ನಾನು ನಗಲಿಲ್ಲ. ಯಾವ ವ್ಯಾನು ಎಂದು ನನಗೆ ಗೊತ್ತಿತ್ತು.

ಅಪ್ಪ ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವರು. ನಾನು ಬೆಳೆದದ್ದು ಕ್ವಾರ್ಟರ್ಸ್‌ನಲ್ಲಿ. ಪರೇಡಿನ ದಿನ ಬ್ಯಾಂಡಿನವರು ತಮ್ಮ ವಾದ್ಯ ತೆಗೆದುಕೊಂಡು, ಖಾಲಿ ಪೆಟ್ಟಿಗೆಗಳನ್ನು ಗೋಡೆಯ ಪಕ್ಕ ಸಾಲಾಗಿ ಇಟ್ಟು ಮೈದಾನಕ್ಕೆ ಇಳಿಯುತ್ತಿದ್ದರು. ಮತ್ತೆ ಆ ಕಡೆ ತಿರುಗಿ ನೋಡುವ ಹಾಗಿರಲಿಲ್ಲ. ಅವರು ನುಡಿಸುತ್ತ ಹೋಗುವಾಗ ಡ್ಯೂಟಿಯವರು ಆ ಪೆಟ್ಟಿಗೆಗಳನ್ನೆಲ್ಲ ವ್ಯಾನಿಗೆ ತುಂಬಿ ಬ್ಯಾಂಡ್ ಹಾಲಿಗೆ ತಂದಿಡುತ್ತಿದ್ದರು. ವಾದ್ಯ ನಿನ್ನದು, ಪೆಟ್ಟಿಗೆ ವ್ಯಾನಿನವರದು. ಸರ್ವಿಸಿನುದ್ದಕ್ಕೂ ಅಪ್ಪ ಹೀಗೆಯೇ ನಡೆದಿದ್ದರು. ರಿಟೈರಾದ ಮೇಲೆ ಮದುವೆಗಳಲ್ಲಿ ನುಡಿಸಲು ಶುರು ಮಾಡಿದಾಗ ಪೆಟ್ಟಿಗೆಯನ್ನು ತಾವೇ ತರುವುದನ್ನು ಚೆನ್ನಾಗಿಯೇ ಕಲಿತಿದ್ದರು. ಈಗ ಆ ಕಲಿತದ್ದು ಮಾತ್ರ ಎಲ್ಲೋ ಜಾರಿ, ಹಳೆಯದು ಮೇಲೆ ಬಂದಿತ್ತು.

ಅಮ್ಮ ಹೋದ ಮೇಲೆ ಅಪ್ಪ ತುಮಕೂರಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ಅವರಿಗೆ ಇದ್ದದ್ದು ಎರಡು ತಿರುಗಾಟ. ಭಾನುವಾರ ಗುಬ್ಬಿಗೆ ಹೋಗುವುದು. ಅಲ್ಲಿ ಅವರ ಹಳೆಯ ಬ್ಯಾಂಡಿನ ಸ್ನೇಹಿತರೊಬ್ಬರ ಮನೆಯಲ್ಲಿ ಕೂತು ನುಡಿಸುವುದು. ಇನ್ನೊಂದು, ಕುಣಿಗಲ್‌ನಲ್ಲಿ ಅವರ ಶಿಷ್ಯನೊಬ್ಬ ಇಟ್ಟಿರುವ ಬ್ಯಾಂಡ್‌ಸೆಟ್ ಜೊತೆ ಸುತ್ತಲ ಊರುಗಳ ಮದುವೆಗಳಿಗೆ ಹೋಗುವುದು. ಎರಡಕ್ಕೂ ಅವರೇ ಬಸ್ ಹತ್ತಿ ಹೋಗಿ, ಅವರೇ ಬರುತ್ತಿದ್ದರು. ಹೊರಡುವ ದಿನ ಶರ್ಟಿಗೆ ಅವರೇ ಇಸ್ತ್ರಿ ಹಾಕಿಕೊಳ್ಳುತ್ತಿದ್ದರು. ನಾನು ಹಾಕಿದರೆ ಕಾಲರ್ ಸರಿ ಕೂರುವುದಿಲ್ಲವಂತೆ.

ಅಕ್ಷತೆಯ ಕಾಳನ್ನು ನಾನು ಹೇರ್‌ಪಿನ್ನಿನಿಂದ ತೆಗೆಯುತ್ತಿದ್ದಾಗ ನನ್ನ ಗಂಡ ಸ್ಕೂಲಿನಿಂದ ಬಂದರು. ಅವರು ಹೈಸ್ಕೂಲಿನ ಗಣಿತದ ಮೇಷ್ಟ್ರು. ಒಂದು ಮಾತಿನಲ್ಲಿ ಮುಗಿಯುವುದನ್ನು ಎರಡು ಮಾಡುವವರಲ್ಲ.

"ಇನ್ನು ಮಾವನ್ನ ಒಬ್ರನ್ನೇ ಕಳಿಸೋದು ಬೇಡ ಕಣೇ."

"ಕೇಸ್ ಬಿಟ್ಟು ಬಂದವ್ರೆ ಅಷ್ಟೇ ಅಲ್ವೇನ್ರೀ. ನೀವು ಎಷ್ಟು ಛತ್ರಿ ಬಿಟ್ಟು ಬಂದಿಲ್ಲ ಬಸ್ಸಲ್ಲಿ?"

"ನಾನು ಛತ್ರಿ ಬಿಟ್ಟು ಬಂದಾಗ, ಬಿಟ್ಟು ಬಂದೆ ಅಂತ ನನಗೆ ಗೊತ್ತಾಗುತ್ತೆ."

ನಾನು ಕಾಳನ್ನು ಹೊರಕ್ಕೆ ತೆಗೆದು, ಕೀಯನ್ನು ಒತ್ತಿ ನೋಡಿದೆ. ಆದರೆ ಮುಂದಿನ ತಿಂಗಳು ಕುಣಿಗಲ್‌ನಲ್ಲಿ ಇನ್ನೊಂದು ಮದುವೆ ಇತ್ತು. ಅಪ್ಪ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿ, ಊದುವ ತುದಿಗೆ ಕಟ್ಟುವ ರೀಡುಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ಆರಿಸುತ್ತಿದ್ದರು. ಅದನ್ನು ತಪ್ಪಿಸಿದರೆ ಅವರು ಏನಾಗುತ್ತಾರೋ ಎಂಬ ಹೆದರಿಕೆ ನನಗೆ. ಒಂದು ಒಳ್ಳೆಯ ಚೀಲ, ಮೈಗೇ ಕಟ್ಟಿಕೊಳ್ಳುವಂಥದ್ದು, ಕೊಡಿಸುತ್ತೇನೆ. ಆಮೇಲೆ ನೋಡೋಣ ಎಂದೆ. ನನ್ನ ಗಂಡ, "ಚೀಲದ್ದೇ ತೊಂದ್ರೆ ಆಗಿದ್ರೆ ಒಳ್ಳೇದೇ," ಎಂದು ಒಳಗೆ ಹೋದರು.

ಚೀಲದ್ದೇ ತೊಂದರೆ ಎಂದು ನಂಬಲು ನನಗೆ ಬಹಳ ಇಷ್ಟವಿತ್ತು.

ಕುಣಿಗಲ್‌ನಲ್ಲಿ ಬಿಟ್ಟ ಪೆಟ್ಟಿಗೆ ಮತ್ತೆ ಸಿಗಲೇ ಇಲ್ಲ. ತುಮಕೂರಿನಲ್ಲಿ ಹಾರ್ಮೋನಿಯಂ, ತಬಲಾ, ಗಿಟಾರ್ ಮಾರುವ ಒಂದು ಅಂಗಡಿಗೆ ಹೇಳಿಟ್ಟಿದ್ದೆವು. ಕ್ಲಾರಿನೆಟ್ ಕೇಸನ್ನು ಕೇಳಿಕೊಂಡು ಬರುವವರೇ ಇಲ್ಲವೆಂದು ಅವರು ಬೆಂಗಳೂರಿನಿಂದ ತರಿಸಿದ್ದರು. ಅಂಗಡಿಯವರು ನನಗಿಂತ ಸ್ವಲ್ಪ ದೊಡ್ಡವರು, ಮಾತಿನ ಮನುಷ್ಯ. ಗಾಜಿನ ಟೇಬಲ್ಲಿನ ಮೇಲೆ ಮೂರನ್ನು ಇಟ್ಟರು. ಒಂದು, ಕಪ್ಪು ರೆಕ್ಸಿನ್ ಹೊದಿಸಿದ ಮರದ ಪೆಟ್ಟಿಗೆ. ಕೈಯಲ್ಲಿ ಹಿಡಿಯುವಂಥದ್ದು, ಮುಂದೆ ಎರಡು ಹಿತ್ತಾಳೆಯ ಚಿಲಕ. ಇನ್ನೊಂದು ಗಟ್ಟಿ ಫೋಮಿನದು, ಸುತ್ತಲೂ ಜಿಪ್ಪು, ಹಿಂದೆ ಹೆಗಲಿಗೆ ಹಾಕುವ ಬೆಲ್ಟು. ಮೂರನೆಯದು ಉದ್ದನೆಯ ಬಟ್ಟೆ ಚೀಲ, ಓಲಗದವರು ನಾದಸ್ವರ ಇಡುವಂಥದ್ದು.

ಅಪ್ಪ ಮರದ್ದನ್ನು ಹತ್ತಿರ ಎಳೆದುಕೊಂಡು ಚಿಲಕವನ್ನು ಟಕ್ ಎಂದು ತೆಗೆದು, ಟಕ್ ಎಂದು ಹಾಕಿದರು. ಮುಖ ಅರಳಿತು. "ಇದು ನೋಡು ಕೇಸು ಅಂದ್ರೆ."

"ಅಪ್ಪಾ, ಅದನ್ನ ಎಲ್ಲಾದ್ರೂ ಕೆಳಗಿಡಲೇಬೇಕು. ಇದಾದ್ರೆ ಖಾಲಿ ಮಾಡಿದ್ ಮೇಲೂ ಬೆನ್ನಿಗೆ ಹಾಕ್ಕೊಂಡೇ ನುಡಿಸ್ಬೋದು."

"ಬೆನ್ನಿಗೆ ಬ್ಯಾಗ್ ಏರಿಸ್ಕೊಂಡು ನುಡಿಸಕ್ಕೆ ನಾನೇನ್ ಟ್ಯೂಷನ್ನಿಗೆ ಹೋಯ್ತಾ ಇದೀನಾ?"

ಅಂಗಡಿಯವರು ನಕ್ಕು, ನಾದಸ್ವರದ ಚೀಲವನ್ನು ಮುಂದೆ ತಳ್ಳಿದರು. "ಹಂಗಾದ್ರೆ ಇದು ತಗೊಳಿ ಸಾರ್. ಕಳಚೋ ರಗಳೆನೇ ಇಲ್ಲ. ಇದ್ದಂಗೇ ಒಳಗೆ ತೂರಿಸಿ, ದಾರ ಎಳ್ದು, ಹೆಗಲಿಗೆ ಹಾಕ್ಕೊಂಡು ಹೊರಡ್ತಾ ಇರೋದು."

ಅಪ್ಪ ಅದನ್ನು ಮುಟ್ಟಲೂ ಇಲ್ಲ. "ಕಳಚದೆ ಇಟ್ರೆ ಜಾಯಿಂಟಿನ ಕಾರ್ಕು ಅದುಮ್ಕೊಂಡು ಚಪ್ಪಟೆ ಆಗೋಯ್ತದೆ. ಆಮೇಲೆ ಅಲ್ಲಾಡೋ ಹಲ್ಲಿನಂಗೆ ಲೊಡಲೊಡ ಅಂತದೆ. ವಾದ್ಯ ಸಾಯಿಸ್ಬೇಕು ಅಂದ್ರೆ ಇದು ತಗೊಬೇಕು."

ಇದನ್ನು ಹೇಳುವಾಗ ಅವರ ದನಿಯಲ್ಲಿ ಒಂದು ತಡವರಿಕೆಯೂ ಇರಲಿಲ್ಲ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮನೆಗೆ ಹೋಗಿ ಗಂಡನಿಗೆ ಈ ಮಾತನ್ನು ಹಾಗೆಯೇ ಒಪ್ಪಿಸಬೇಕು ಅಂದುಕೊಂಡೆ.

ಅಂಗಡಿಯವರು ಜಿಪ್ಪಿನ ಚೀಲವನ್ನು ಬಿಚ್ಚಿದರು. ಒಳಗೆ ನೀಲಿ ಮಖಮಲ್ಲಿನಲ್ಲಿ ಐದು ಗುಳಿಗಳು. ಕ್ಲಾರಿನೆಟ್ಟಿನ ಐದು ಭಾಗಗಳಿಗೆ ಐದು. ಊದುವ ತುದಿಗೆ ಒಂದು ಚಿಕ್ಕದು, ಅದರ ಕೆಳಗಿನ ಗಿಡ್ಡ ಬ್ಯಾರಲ್ಲಿಗೆ ಒಂದು ದುಂಡನೆಯದು, ಉದ್ದನೆಯ ಎರಡು ಜಾಯಿಂಟುಗಳಿಗೆ ಎರಡು, ಕೊನೆಯ ಗಂಟೆಯಾಕಾರದ ಬೆಲ್ಲಿಗೆ ಒಂದು ಅಗಲವಾದದ್ದು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

"ಒಂದ್ಸಲ ಹಾಕಿ ನೋಡಿ ಸಾರ್, ಅಳತೆ ಗೊತ್ತಾಗಲಿ."

ಅಪ್ಪ ಕ್ಲಾರಿನೆಟ್ಟನ್ನು ಕಳಚಿದರು. ಅದು ನೋಡುವಂತಿತ್ತು. ಯಾವ ಕೀಯನ್ನೂ ಅದುಮದೆ, ಒಂದೊಂದನ್ನೇ ನಯವಾಗಿ ತಿರುಗಿಸಿ, ಒಳಗಿನ ತೇವವನ್ನು ಹಳೆಯ ಪಂಚೆಯ ತುಂಡಿನಿಂದ ಒರೆಸಿ ಟೇಬಲ್ಲಿನ ಮೇಲೆ ಇಟ್ಟರು. ಅವರ ಬಲಗೈ ಹೆಬ್ಬೆರಳಿನ ಮೇಲೆ, ಇಷ್ಟು ವರ್ಷ ವಾದ್ಯದ ಭಾರ ಹೊತ್ತು ಗಟ್ಟಿಯಾದ ಜಾಗ ಟ್ಯೂಬ್‌ಲೈಟಿನಲ್ಲಿ ಹೊಳೆಯಿತು. ಆಮೇಲೆ ಮೇಲಿನ ಜಾಯಿಂಟನ್ನು ಎತ್ತಿಕೊಂಡು ಚೀಲದ ಮೇಲೆ ಹಿಡಿದರು. ಹಿಡಿದೇ ಇದ್ದರು. ಕೆಳಗಿನದರ ಗುಳಿಯಲ್ಲಿ ಇಟ್ಟರು. ಅದು ಸಡಿಲವಾಗಿ ಕೂತಿತು. ಕೆಳಗಿನದನ್ನು ಉಳಿದ ಗುಳಿಗೆ ಒತ್ತಿದರು. ಅರ್ಧ ಮೇಲೆಯೇ ನಿಂತಿತು. ಬೆಲ್ಲನ್ನು ಅದರ ಜಾಗದಲ್ಲೇ ಇಟ್ಟರು, ಮತ್ತೆ ತೆಗೆದರು. ಮುಚ್ಚಳ ಮಡಿಚಿ ಅಂಗೈಯಿಂದ ಅದುಮಿದರು.

"ಸಾರ್, ಸಾರ್, ಒತ್ಬೇಡಿ, ಕೀ ಬಗ್ಗೋಗುತ್ತೆ."

"ನಿಮ್ ಕೇಸೇ ಸರಿ ಇಲ್ಲ ಕಣ್ರೀ. ಅಳತೆ ಇಲ್ಲ, ಪಾಡಿಲ್ಲ."

ಅಂಗಡಿಯವರು ನನ್ನ ಮುಖ ನೋಡಿ, ಉಳಿದೆರಡನ್ನು ಪಕ್ಕಕ್ಕೆ ಸರಿಸಿದರು. ಹೊರಗೆ ಒಂದು ಆಟೋ ಹಾರ್ನ್ ಹೊಡೆಯುತ್ತಲೇ ಇತ್ತು. ಅಪ್ಪ ಚೀಲದೊಳಗಿನ ಗುಳಿಗಳನ್ನು ಬೆರಳಿನಿಂದ ಸವರುತ್ತಿದ್ದರು. ಕತ್ತಲಲ್ಲಿ ಸ್ವಿಚ್ ಹುಡುಕುವವರ ಹಾಗೆ.

ನಾನು ಅದೇ ಚೀಲವನ್ನು ಕೊಂಡೆ. ಮರದ ಪೆಟ್ಟಿಗೆಯಲ್ಲೂ ಗುಳಿಗಳು ಇದ್ದೇ ಇದ್ದವು. ನಾದಸ್ವರದ ಚೀಲ ತೆಗೆದುಕೊಂಡಿದ್ದರೆ ಅಪ್ಪನಿಗೆ ಸಲೀಸು, ವಾದ್ಯಕ್ಕೆ ಕೇಡು. ವಾದ್ಯಕ್ಕೆ ಕೇಡಾಗುವುದನ್ನು ಅಪ್ಪ ಸಹಿಸುತ್ತಿರಲಿಲ್ಲ. ಆ ತಿಳಿವಳಿಕೆ ಅವರಲ್ಲಿ ಇನ್ನೂ ಇರುವಾಗ ಅದನ್ನು ಮೀರಿ ನಾನು ಹೇಗೆ ಆರಿಸಲಿ?

ಮನೆಗೆ ಬಂದ ಮೇಲೆ ಒಂದು ಉಪಾಯ ಮಾಡಿದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮಗೆ ಕಸೂತಿ ಕಲಿಸುತ್ತಿದ್ದರು. ಬಟ್ಟೆಯ ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕಟವಾಗಿರಬೇಕು, ಇಲ್ಲದಿದ್ದರೆ ಬಿಚ್ಚಿಸುತ್ತಿದ್ದರು. ಆ ಹೊಲಿಗೆಯಲ್ಲಿ ಪ್ರತಿ ಗುಳಿಯ ಅಂಚಿಗೆ ಒಂದೊಂದು ಬಣ್ಣದ ಸಣ್ಣ ಹೂವು ಹಾಕಿದೆ. ಅದೇ ಬಣ್ಣದ ದಾರವನ್ನು ಆಯಾ ಭಾಗಕ್ಕೆ ಸುತ್ತಬೇಕು ಎಂದು ನನ್ನ ಯೋಚನೆ. ಹಳದಿಗೆ ಹಳದಿ, ಕೆಂಪಿಗೆ ಕೆಂಪು.

ಅಪ್ಪ ಜಿಪ್ ತೆಗೆದು ನೋಡಿದರು. ಬಹಳ ಹೊತ್ತು ನೋಡಿದರು.

"ಏನವ್ವ ಇದು? ನನ್ನ ಎಲ್‌ಕೆಜಿಗೆ ಸೇರಿಸ್ದಾ?"

"ಚೆಂದಕ್ಕೆ ಅಪ್ಪಾ."

"ಚೆಂದಕ್ಕೆ ಆದ್ರೆ ಮೇಲೆ ಹಾಕ್ಬೇಕಿತ್ತು. ನಾಕ್ ಜನ ನೋಡೋರು." ಚೀಲವನ್ನು ನನ್ನ ಕಡೆ ತಳ್ಳಿ, "ಬಿಚ್ಚಾಕ್ಬುಡು," ಎಂದರು. ಕೋಪವಿರಲಿಲ್ಲ ಆ ಮಾತಿನಲ್ಲಿ. ನಾನು ಬ್ಲೇಡಿನಿಂದ ಒಂದೊಂದೇ ದಾರ ಕತ್ತರಿಸಿ ತೆಗೆದೆ. ಮಖಮಲ್ಲಿನ ಮೇಲೆ ಸೂಜಿಯ ತೂತುಗಳು ಉಳಿದವು. ಅವನ್ನು ಅವರು ಗಮನಿಸಿದರೋ ಇಲ್ಲವೋ.

ಆ ಭಾನುವಾರ ಗುಬ್ಬಿಗೆ ನಾನೂ ಹೊರಟೆ. ಟ್ರಂಪೆಟ್ ಮಾವನನ್ನು ನೋಡಿ ಬಹಳ ದಿನವಾಯಿತು ಎಂದು ನೆಪ ಹೇಳಿದೆ. ಗುಬ್ಬಿಯ ಆ ಸ್ನೇಹಿತರನ್ನು ನಾನು ಕ್ವಾರ್ಟರ್ಸ್ ದಿನಗಳಿಂದ ಟ್ರಂಪೆಟ್ ಮಾವ ಎಂದೇ ಕರೆಯುವುದು. ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ ನಾನು ಫ್ರೀ ಟಿಕೆಟ್ ತೆಗೆದುಕೊಂಡಾಗ ಅಪ್ಪ, "ಸರ್ವಿಸ್ ಮಾಡಿದೋನು ನಾನು, ಫ್ರೀ ನಿಂಗೆ," ಎಂದು ಕಂಡಕ್ಟರಿಗೆ ಕೇಳುವಂತೆ ಹೇಳಿದರು. ಕಂಡಕ್ಟರ್, "ಯಜಮಾನ್ರೇ, ನನ್ ಹೆಂಡ್ತಿನೂ ಹಿಂಗೇ ಫ್ರೀಯಾಗಿ ಓಡಾಡ್ತಾಳೆ, ನನ್ ಬಸ್ಸಲ್ಲೇ," ಎಂದ. ಅಪ್ಪ ಖುಷಿಯಾಗಿದ್ದರು. ಚೀಲ ತೊಡೆಯ ಮೇಲಿತ್ತು. ಅಂಗಿಯ ಗುಂಡಿಗಳು ಒಂದು ಕಾಜ ತಪ್ಪಿ ಕೂತಿದ್ದವು. ಇಳಿಯುವ ಮುಂಚೆ, ಧೂಳು ಒರೆಸುವವಳ ಹಾಗೆ ಮಾಡಿ ಸರಿ ಮಾಡಿದೆ.

ಟ್ರಂಪೆಟ್ ಮಾವ ಈಗ ಟ್ರಂಪೆಟ್ ಊದುವುದಿಲ್ಲ. "ಹಲ್ಲಿನ ಸೆಟ್ಟೇ ಒಳಕ್ಕೆ ಹೊಂಟೋಯ್ತದೆ ಕಣವ್ವ," ಎನ್ನುತ್ತಾರೆ. ಬೀದಿಯ ಇನ್ನೊಬ್ಬರು ಹಾರ್ಮೋನಿಯಂ ತರುತ್ತಾರೆ. ಮಾವ ಕುರ್ಚಿಯ ಕೈ ಮೇಲೆ ತಾಳ ಹಾಕುತ್ತಾರೆ, ಅಪ್ಪ ನುಡಿಸುತ್ತಾರೆ. ಅವತ್ತು ಅಪ್ಪ ಚೀಲದಿಂದ ಭಾಗಗಳನ್ನು ತೆಗೆದು ಜೋಡಿಸಿದ್ದು ಎಷ್ಟು ಬೇಗ ಅಂದರೆ, ನನಗೇ ನಾಚಿಕೆಯಾಯಿತು, ಸುಮ್ಮಸುಮ್ಮನೆ ಹೆದರಿದ್ದೇನೆ ಎಂದು. ಒಂದು ದೇವರನಾಮ ನುಡಿಸಿದರು. ಕಣ್ಣು ಮುಚ್ಚಿದ್ದರು. ಒಂದು ಸ್ವರವೂ ಜಾರಲಿಲ್ಲ. ಒಳಗಿನಿಂದ ಮಾವನ ಹೆಂಡತಿ ಒಗ್ಗರಣೆಯ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು.

"ಏನ್ಲಾ, ವಯಸ್ಸಾದಂಗೆಲ್ಲಾ ಉಸಿರು ಜಾಸ್ತಿ ಆಯ್ತಾ ಅದಲ್ಲ ನಿಂಗೆ? ಮಗಳು ಏನ್ ಹಾಕ್ತಾಳ್ಲಾ ಊಟಕ್ಕೆ?" ಎಂದರು ಮಾವ.

"ಬಯ್ಗುಳ," ಎಂದರು ಅಪ್ಪ. ಎಲ್ಲರೂ ನಕ್ಕೆವು.

ತಿಂಡಿ ಕಾಫಿ ಆಯಿತು. ಹಾರ್ಮೋನಿಯಂನವರು ತಮ್ಮ ಪೆಟ್ಟಿಗೆ ಮುಚ್ಚಿ ಹೊರಟರು. ಅಪ್ಪ ಕ್ಲಾರಿನೆಟ್ಟನ್ನು ಕಳಚಿ, ಐದು ಭಾಗಗಳನ್ನೂ ತೊಡೆಯ ಮೇಲೆ ಟವೆಲ್ ಹಾಸಿ ಇಟ್ಟುಕೊಂಡು, ತೆರೆದ ಚೀಲವನ್ನು ನೋಡುತ್ತ ಕೂತರು. ಮಾವ ಏನೋ ಹೇಳುತ್ತಲೇ ಇದ್ದರು. ಅಪ್ಪ ಹೂಂ ಎನ್ನುತ್ತಿದ್ದರು. ಕೈ ಮಾತ್ರ ಏಳಲಿಲ್ಲ. ಬೆಲ್ಲನ್ನು ಒಂದು ಸಲ ಎತ್ತಿ, ಮತ್ತೆ ಟವೆಲ್ಲಿನ ಮೇಲೇ ಇಟ್ಟರು. ಆಮೇಲೆ ನನ್ನ ಕಡೆ ನೋಡಿದರು.

ಆ ನೋಟವನ್ನು ನಾನು ಹೇಗೆ ಬರೆಯಲಿ. ಕೇಳುವ ನೋಟವಲ್ಲ ಅದು. ಕೇಳಬೇಕಾಗಿ ಬಂದಿದೆಯಲ್ಲ ಎಂಬಂತಿತ್ತು.

ಎದ್ದು ಹೋಗಿ ಹಾಕಿಕೊಟ್ಟರೆ ಸ್ನೇಹಿತನ ಮುಂದೆ ಅವರ ಮರ್ಯಾದೆ ಹೋಗುತ್ತದೆ. ಸುಮ್ಮನೆ ಕೂತರೆ ಅದು ಇನ್ನೂ ಉದ್ದವಾಗುತ್ತದೆ. ನಾನು ನೆಲದ ಮೇಲೆ ಅವರ ಕಾಲ ಹತ್ತಿರ ಹೋಗಿ ಕೂತು, "ಕೊಡಪ್ಪಾ, ನಾನೂ ಕಲ್ತ್ಕೊತೀನಿ," ಎಂದೆ. ಅವರು ಒಂದೊಂದನ್ನೇ ಕೊಟ್ಟರು. ನಾನು ಒಂದೊಂದನ್ನೇ ಇಟ್ಟೆ. ಜಿಪ್ ಎಳೆದೆ. ಮಾವ ನಮ್ಮಿಬ್ಬರ ಕೈಗಳನ್ನೇ ನೋಡುತ್ತಿದ್ದರು.

ಅಪ್ಪ ಬಚ್ಚಲಿಗೆ ಹೋದಾಗ ಮಾವ ಕುರ್ಚಿಯಲ್ಲೇ ಮುಂದಕ್ಕೆ ಬಾಗಿ, ತಗ್ಗಿದ ದನಿಯಲ್ಲಿ ಕೇಳಿದರು. "ಯಾವಾಗಿಂದವ್ವ?"

ಗಂಡನಿಗೆ, ಅಂಗಡಿಯವರಿಗೆ, ನನಗೇ ನಾನು, ಇಷ್ಟು ದಿನ ಚೀಲದ ಮಾತನ್ನೇ ಹೇಳಿಕೊಂಡು ಬಂದಿದ್ದೆ. ಅಲ್ಲಿ ಆಗಲಿಲ್ಲ. "ಯುಗಾದಿ ಕಳೆದ ಮೇಲೆ ಗೊತ್ತಾಯ್ತು ಮಾವ," ಎಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕಣ್ಣು ಒರೆಸಿಕೊಳ್ಳಲು ಸೆರಗು ಸಿಗದೆ ದುಪಟ್ಟಾದ ತುದಿ ಹುಡುಕಿದೆ.

"ಡಾಕ್ಟ್ರಿಗೆ ತೋರಿಸಿದ್ರಾ?"

"ಇಲ್ಲ. ತೋರಿಸ್ತೀನಿ."

"ಹೂಂ. ಇಲ್ಲಿಗೆ ಬರೋದು ಮಾತ್ರ ಬುಡಿಸ್ಬೇಡ. ನೀನ್ ಕರ್ಕೊಂಡ್ ಬಾ. ಆದ್ರೆ ಆ ಕುಣಿಗಲ್ ಗಿಣಿಗಲ್ ಬ್ಯಾಡ ಕಣವ್ವ. ಜನ ನಗ್ತಾರೆ. ಅವ್ನ್ನ ನೋಡಿ ಜನ ನಗೋದು ನಂಗೆ ಬ್ಯಾಡ."

ಮಾರನೆಯ ದಿನ ಬಟ್ಟೆ ಒಣಹಾಕಲು ಮಹಡಿಗೆ ಹೋದವಳು ಅಲ್ಲಿಂದಲೇ ಕುಣಿಗಲ್‌ನ ಶಿಷ್ಯನಿಗೆ ಫೋನ್ ಮಾಡಿದೆ. ಮುಂದಿನ ತಿಂಗಳಿನ ಮದುವೆಗೆ ಅಪ್ಪನಿಗೆ ಬರಲಾಗುವುದಿಲ್ಲ ಎಂದೆ.

"ಅಕ್ಕಾ, ತಪ್ಪು ತಿಳ್ಕೊಬೇಡಿ. ನಾನೇ ಹೆಂಗ್ ಹೇಳೋದು ಅಂತಿದ್ದೆ. ಹೋದ್ಸಲ ಧಾರೆ ಟೈಮಲ್ಲಿ, ಎಲ್ರೂ ಗಟ್ಟಿಮೇಳ ಗಟ್ಟಿಮೇಳ ಅಂತಾವ್ರೆ, ಗುರುಗಳು ಎದ್ ನಿಂತ್ಕೊಂಡು ಪರೇಡಿನ ಮಾರ್ಚ್ ನುಡಿಸ್ಬುಟ್ರು. ಪೂರ್ತಿ. ಗಂಡಿನ ಕಡೆಯೋರು ವಿಡಿಯೋ ಮಾಡ್ಕೊಂಡು ನಗಾಡ್ತಿದ್ರು. ನಾನೇ ಡ್ರಮ್ಮಿನೋರಿಗೆ ಹೇಳ್ದೆ, ಅದಕ್ಕೇ ಹೊಡೀರಿ ಅಂತ. ಏನ್ ಮಾಡ್ಲಿ? ನಂಗೆ ಕಲಿಸಿದೋರು."

ನಾನು ಫೋನ್ ಇಟ್ಟ ಮೇಲೂ ಒದ್ದೆ ಬೆಡ್‌ಶೀಟನ್ನು ಹಿಡಿದುಕೊಂಡೇ ನಿಂತಿದ್ದೆ. ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಆ ಮದುವೆಯ ಮಂಟಪದಲ್ಲಿ ಎಲ್ಲರೂ ನಗುವಾಗ, ಬೆನ್ನು ನೇರ ಮಾಡಿ, ಮುಂದೆ ನೋಡುತ್ತ, ತಪ್ಪಿಲ್ಲದೆ ನುಡಿಸುತ್ತಿದ್ದ ಅಪ್ಪ ಕಣ್ಣಿಗೆ ಕಟ್ಟಿದರು. ನುಡಿಸಿದ್ದರಲ್ಲಿ ತಪ್ಪಿರಲಿಲ್ಲ, ಅದು ನನಗೆ ಖಾತ್ರಿ.

ಕೆಳಗೆ ಅಪ್ಪ ವರಾಂಡದಲ್ಲಿ ಕೂತು ಕಾರ್ಕಿಗೆ ವ್ಯಾಸಲೀನ್ ಸವರುತ್ತಿದ್ದರು. ಹೇಗೆ ಹೇಳುವುದೆಂದು ಮೆಟ್ಟಿಲಿಳಿಯುವಾಗ ಯೋಚಿಸಿದ್ದೆಲ್ಲ ಹಾರಿಹೋಯಿತು.

"ಅಪ್ಪಾ, ಕುಣಿಗಲ್ ಮದುವೆಗೆ ಹೋಗೋದು ಬೇಡ. ನಾನೇ ಫೋನ್ ಮಾಡಿ ಹೇಳ್ಬಿಟ್ಟೆ."

ಅವರು ಬೆರಳಿಗಂಟಿದ ವ್ಯಾಸಲೀನನ್ನು ನಿಧಾನವಾಗಿ ಟವೆಲ್ಲಿಗೆ ಒರೆಸಿಕೊಂಡರು. ಬಯ್ಯುತ್ತಾರೆ ಅಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು.

"ಹಂಗಾದ್ರೆ ಕೇಸ್ ಯಾಕ್ ತಗೊಂಡೆ?"

"ಗುಬ್ಬಿಗೆ. ಪ್ರತಿ ಭಾನುವಾರ ನಾನೂ ಬರ್ತೀನಿ."

"ನಿಂಗೆ ಮನೆ ಕೆಲ್ಸ ಇರಲ್ವಾ?"

"ಇರುತ್ತೆ. ಬಂದು ಮಾಡ್ಕೊತೀನಿ."

ಅಪ್ಪ ರಸ್ತೆಯ ಕಡೆ ನೋಡಿದರು. ಹಾಲಿನವನು ಖಾಲಿ ಕ್ರೇಟುಗಳನ್ನು ಗಾಡಿಗೆ ಕಟ್ಟುತ್ತಿದ್ದ. ಅವನು ಕಟ್ಟಿ ಮುಗಿಸಿ, ಗಾಡಿ ಸ್ಟಾರ್ಟ್ ಮಾಡಿ ಹೋಗುವವರೆಗೂ ನೋಡಿದರು. ಆಮೇಲೆ ಕುರ್ಚಿಯ ಪಕ್ಕದಲ್ಲಿದ್ದ ಚೀಲವನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ಬೆನ್ನಿಗೆ ಹಾಕ್ಕೊ, ನೋಡಣ."

ಹಾಕಿಕೊಂಡೆ. ಅವರ ಎತ್ತರಕ್ಕೆ ಇದ್ದ ಬೆಲ್ಟು ನನಗೆ ಉದ್ದವಾಗಿ, ಚೀಲ ಸೊಂಟದ ಕೆಳಗೆ ಜೋತಾಡಿತು.

"ತಿರುಕ್ಕೊ," ಎಂದರು. ನಾನು ಅವರಿಗೆ ಬೆನ್ನು ಮಾಡಿ ನಿಂತೆ. ಅವರು ಹಿಂದಿನಿಂದ ಬಕಲನ್ನು ಹಿಡಿದು, ಎರಡೂ ಕಡೆಯ ಬೆಲ್ಟನ್ನು ಒಂದೇ ಸಮಕ್ಕೆ ಎಳೆದು, ನನ್ನ ಅಳತೆಗೆ ಬಿಗಿ ಮಾಡಿದರು.